ಸುಶಿ ಮೇಜಿಗೆ ಖಾನಾವಳಿ ಲೆಕ್ಕ

ಹುಬ್ಬಳ್ಳಿ-ಧಾರವಾಡ ಕಡೆಯ ಮಂದಿ ಕೆನಡಾದ ಟೊರೊಂಟೊಗೆ ಬಂದರೆ ಒಂದಿಲ್ಲೊಂದು ದಿನ ಯಾರಾದರೂ ಅವರನ್ನು ‘ಎಷ್ಟಾದರೂ ತಿನ್ನಿ’ ಜಪಾನಿ ಸುಶಿ ಹೋಟೆಲಿಗೆ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ತಲೆಗಿಷ್ಟು ಎಂದು ದುಡ್ಡು, ಆಮೇಲೆ ಹೊಟ್ಟೆ ಹಿಡಿದಷ್ಟು. ನಮಗೆ ಇದು ಹೊಸ ಪದ್ಧತಿಯೇನೂ ಅಲ್ಲ, ಖಾನಾವಳಿಯ ರೊಟ್ಟಿ ಊಟ ನಡೆಯುವುದೇ ಹೀಗೆ. ಹೊಸದಲ್ಲ ಎಂಬ ಧೈರ್ಯದಿಂದಲೇ ನಮ್ಮವರು ಇಲ್ಲಿ ಎಡವುತ್ತಾರೆ.

ಖಾನಾವಳಿಯಲ್ಲಿ ಕೂತ ಕೂಡಲೇ ತಾಟು ತುಂಬುತ್ತದೆ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯ ತಪ್ಪಲು, ಸೌತೆಕಾಯಿ, ಒಂದು ಬಟ್ಟಲು ಮೊಸರು, ಮೇಲೆ ಎರಡು ರೊಟ್ಟಿ. ಅದೇ ರೂಢಿಯಲ್ಲಿ ಸುಶಿ ಹೋಟೆಲಿನ ಆರ್ಡರ್ ಒತ್ತುವ ಟ್ಯಾಬ್ಲೆಟ್ ಕೈಗೆ ಸಿಕ್ಕ ಕೂಡಲೇ ಕಂಡದ್ದಕ್ಕೆಲ್ಲ ಒತ್ತುತ್ತಾರೆ. ಹತ್ತು ನಿಮಿಷದಲ್ಲಿ ಮೇಜು ಕಾಣದಷ್ಟು ತಟ್ಟೆ ಬರುತ್ತವೆ. ಟೆಂಪುರಾ ಎಂದರೆ ತೆಳು ಹಿಟ್ಟಿನ ಬಜ್ಜಿ, ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಅನ್ನ, ಮೀನು ಸುತ್ತಿದ ಹ್ಯಾಂಡ್ ರೋಲಿನ ಕಡಲಪಾಚಿ ಹಾಳೆ ಅನ್ನದ ತೇವ ಹೀರಿ ರಬ್ಬರಿನಂತೆ ಜಗ್ಗುತ್ತದೆ. ಉಳಿದ ತುಂಡಿಗೆಲ್ಲ ದಂಡ ಬೇರೆ, ಸಾಮಾನ್ಯವಾಗಿ ತುಂಡಿನ ಲೆಕ್ಕದಲ್ಲಿ. ಪಾರ್ಸೆಲ್ ಕಟ್ಟಿಸಿಕೊಳ್ಳುವ ಹಾಗಿಲ್ಲ.

ನಾಲ್ವರಿದ್ದರೆ ಮೊದಲ ಸುತ್ತಿಗೆ ಐದಾರು ಬಗೆ ಸಾಕು. ಅದು ಮುಗಿಯುತ್ತ ಬಂದಾಗ ಮುಂದಿನದು. ಹಗುರ ರುಚಿಯ ಬಿಳಿ ಮೀನು ಮೊದಲು, ಆಮೇಲೆ ಸಾಲ್ಮನ್, ಟ್ಯೂನಾ. ಸಿಹಿ ಸಾಸು ಬಳಿದ ಹಾವುಮೀನು, ಕರಿದದ್ದು ಕಡೆಗೆ. ಕರಿದದ್ದನ್ನು ಮೊದಲು ತಿಂದರೆ ಹೊಟ್ಟೆಯೂ ತುಂಬಿತು, ನಾಲಿಗೆಯೂ ಮಂಕಾಯಿತು. ನಿಗಿರಿ, ಅಂದರೆ ಮೇಲೆ ಮೀನಿಟ್ಟ ಅನ್ನದ ಉಂಡೆ ತಿನ್ನುವಾಗ ಸೋಯಾ ಸಾಸಿನಲ್ಲಿ ಮೀನಿನ ಬದಿಯನ್ನು ಅದ್ದಬೇಕು. ಅನ್ನದ ಬದಿ ಅದ್ದಿದರೆ ಉಂಡೆ ಬಿಚ್ಚಿ ಬಟ್ಟಲಿಗೆ ಉದುರುತ್ತದೆ. ಕಡ್ಡಿ ಹಿಡಿಯಲು ಬಾರದಿದ್ದರೆ ನಾಚಿಕೆ ಬೇಡ, ಸುಶಿಯನ್ನು ಕೈಯಿಂದ ತಿನ್ನುವುದು ಜಪಾನಿನಲ್ಲೂ ಸರಿಯೇ. ತೆಳ್ಳಗೆ ಹೆಚ್ಚಿಟ್ಟ ಶುಂಠಿ ಒಂದು ಬಗೆಗೂ ಇನ್ನೊಂದಕ್ಕೂ ನಡುವೆ ಬಾಯಿ ತೊಳೆಯಲಿಕ್ಕೆ, ಉಪ್ಪಿನಕಾಯಿಯಂತೆ ನಂಚಿಕೊಳ್ಳಲಿಕ್ಕಲ್ಲ. ಹಸಿರು ಮುದ್ದೆ ವಾಸಾಬಿ ಎಂದು ಕೊಡುವುದು ಈ ದರದ ಹೋಟೆಲುಗಳಲ್ಲಿ ಹೆಚ್ಚಾಗಿ ಬಣ್ಣ ಹಾಕಿದ ಹಾರ್ಸ್‌ರ್‍ಯಾಡಿಶ್ ಎಂಬ ಖಾರದ ಬೇರು ಮತ್ತು ಸಾಸಿವೆ. ಹಸಿಮೆಣಸಿನಕಾಯಿಯ ಖಾರ ಉಂಡವರು ಇದೇನು ಮಹಾ ಎಂದು ಚಮಚ ತುಂಬ ಬಾಯಿಗಿಟ್ಟುಕೊಳ್ಳುವುದುಂಟು. ಇದು ನಾಲಿಗೆಗಲ್ಲ, ನೇರ ಮೂಗಿಗೆ ಏರುವ ಖಾರ.

ಇನ್ನು ಅನ್ನದ ಮಾತು. ನನ್ನ ತಕರಾರು ಇರುವುದೇ ಇಲ್ಲಿ. ‘ಅನ್ನ ತಿನ್ನಿಸಿ ಹೊಟ್ಟೆ ತುಂಬಿಸ್ತಾರ, ಮೀನಷ್ಟೇ ತಗೊಂಡು ತಿನ್ರಿ’ ಎಂಬ ಬುದ್ಧಿವಾದ ನಮ್ಮವರಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಲೆಕ್ಕ ಪೂರ್ತಿ ಸುಳ್ಳಲ್ಲ. ಒಳ್ಳೆಯ ಅಂಗಡಿಯ ಒಂದು ನಿಗಿರಿಯಲ್ಲಿ ಅನ್ನ 15ರಿಂದ 20 ಗ್ರಾಂ ಇದ್ದರೆ, ಇಂಥ ಹೋಟೆಲುಗಳಲ್ಲಿ ಉಂಡೆ ದೊಡ್ಡದು, ಮೀನು ತೆಳುವು. ಅನ್ನ ಹೊರಗಿರುವ ಎಂಟು ತುಂಡಿನ ರೋಲಿನಲ್ಲಿ ನೂರು ಗ್ರಾಮಿಗೂ ಮಿಕ್ಕಿ ಅನ್ನ ಇರುತ್ತದೆ. ಅಂಥವೆರಡು ತಿಂದರೆ ಒಂದು ತಾಟು ಅನ್ನ ಉಂಡ ಹಾಗೇ. ಆದರೆ ಸುಶಿ ಎಂದರೆ ಹಸಿ ಮೀನು ಅಂತ ತಿಳಿದದ್ದೇ ತಪ್ಪು. ಸುಶಿ ಎಂದರೆ ಅಕ್ಕಿ ವಿನೆಗರು, ಸಕ್ಕರೆ, ಉಪ್ಪು ಬೆರೆಸಿದ ಅನ್ನ. ಬರೀ ಹಸಿ ಮೀನಿಗೆ ಸಶಿಮಿ ಎಂಬ ಬೇರೆ ಹೆಸರೇ ಇದೆ. ಮೇಲಿನ ಮೀನು ಎತ್ತಿ ತಿಂದು ಅನ್ನದ ಉಂಡೆ ಬಿಡುವವರು, ಖಾನಾವಳಿಯಲ್ಲಿ ಎಣ್ಣೆಗಾಯಿ ಬಳಿದು ತಿಂದು ರೊಟ್ಟಿ ಮಡಚಿಟ್ಟು ಏಳುವವರ ಹಾಗೆ. ಊರಲ್ಲಿ ಯಾರಾದರೂ ಹಾಗೆ ಮಾಡಿದರೆ ನಾವೇ ಏನನ್ನುತ್ತಿದ್ದೆವು? ದಂಡದ ನಿಯಮ ಈ ಬಿಟ್ಟ ಅನ್ನಕ್ಕೂ ಸೇರಿದ್ದು. ಅದನ್ನು ಜಿಪುಣತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅನ್ನ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಒಂದು ತುಂಡಿನಲ್ಲೇ ಹೇಳಬಹುದು. ಮೈ ಬಿಸಿಯಷ್ಟು ಬೆಚ್ಚಗಿರಬೇಕು, ಅಗುಳು ಒಂದಕ್ಕೊಂದು ಅಂಟಿದ್ದೂ ಬಾಯಲ್ಲಿ ಬಿಡಿಬಿಡಿಯಾಗಬೇಕು. ತಣ್ಣಗಿದ್ದು ನಡುವೆ ಗಟ್ಟಿ ಹತ್ತಿದರೆ ಫ್ರಿಜ್ಜಿನಲ್ಲಿಟ್ಟ ಅನ್ನ. ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ಬಿರುಸಾಗುವುದು ಯಾಕೋ, ಇದೂ ಅದಕ್ಕೇ. ಉಂಡೆಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ಅಳತೆ ಇದ್ದರೆ ಯಂತ್ರದ ಕೆಲಸ ಅಂದುಕೊಳ್ಳಿ. ಸುಶಿ ಉಂಡೆ ಕಟ್ಟುವ ಯಂತ್ರ ಜಪಾನಿನಲ್ಲಿ 1981ರಲ್ಲೇ ಬಂದಿದೆ, ಈಗ ನಮ್ಮ ಕಡೆ ರೊಟ್ಟಿ ಯಂತ್ರ ಬಂದಿರುವ ಹಾಗೆ. ಯಂತ್ರದ್ದೆಂದು ಮೂಗು ಮುರಿಯಬೇಕಿಲ್ಲ, ತಣ್ಣಗಿದ್ದರೆ ಮಾತ್ರ ಮುರಿಯಿರಿ.

‘ಮೀನು ತಾಜಾ ಇರ್ತದೇನು?’ ಎಂಬುದು ಊರಿಂದ ಬಂದವರ ಮೊದಲ ಪ್ರಶ್ನೆ. ಬಿಳಿಜೋಳದ ಹಿಟ್ಟಿಗೆ ತಾಜಾತನವೇ ಜೀವ. ಗಿರಣಿಯಿಂದ ತಂದು ವಾರಗಟ್ಟಲೆ ಇಟ್ಟರೆ ಜಿಗುಟು ಹೋಗಿ ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಹಸಿ ಮೀನಿನದು ಇದರ ತಿರುವು ಮುರುವು. ಮೀನಿನೊಳಗಿನ ಪರೋಪಜೀವಿ ಹುಳು ಸಾಯಲೆಂದು ಅದನ್ನು ಸಾಮಾನ್ಯವಾಗಿ ಮೊದಲು ಹೆಪ್ಪುಗಟ್ಟಿಸುತ್ತಾರೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಅಳತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲವೆ ಮೈನಸ್ 35ರಲ್ಲಿ ಗಟ್ಟಿಯಾಗಿಸಿ 15 ತಾಸು. ಇಷ್ಟಾದರೂ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಬೇಯಿಸಿದ್ದನ್ನೇ ತಿನ್ನುವುದು ಲೇಸು.

ಶಾಖಾಹಾರಿಗಳ ಪಾಡು ಇನ್ನೂ ನಾಜೂಕು. ಅಪ್ಪ-ಅವ್ವನನ್ನು ಕರೆದೊಯ್ಯುವವರು ಇಲ್ಲಿ ಎಚ್ಚರ ತಪ್ಪಬಾರದು. ಸೌತೆಕಾಯಿ ರೋಲ್, ಅವಕಾಡೊ ರೋಲ್, ಗೆಣಸಿನ ಟೆಂಪುರಾ ರೋಲ್ ಹೆಸರಿಗೆ ಸರಿ. ಆದರೆ ಟೆಂಪುರಾ ಕರಿಯುವುದು ಸೀಗಡಿ ಕರಿದ ಎಣ್ಣೆಯಲ್ಲೇ ಇರಬಹುದು, ಕೇಳಿಯೇ ಹೇಳಬೇಕು. ಮಿಸೊ ಸಾರಿನ ಎಸರು ಸಾಮಾನ್ಯವಾಗಿ ದಾಶಿ, ಅಂದರೆ ಒಣಗಿಸಿದ ಬೊನಿಟೊ ಮೀನಿನ ಕಷಾಯ. ಇನಾರಿ ಎಂಬ ಸಿಹಿ ತೋಫು ಚೀಲವನ್ನೂ ಅದರಲ್ಲೇ ಕುದಿಸಿರುವುದುಂಟು. ರೋಲಿನ ಮೈಗೆ ಕೇಸರಿಬಾತಿನ ರವೆಯಂತೆ ಅಂಟಿರುವ ಕಿತ್ತಳೆ ಹರಳು ಮೀನಿನ ಮೊಟ್ಟೆ. ಹಸಿರು ಡ್ರ್ಯಾಗನ್ ರೋಲ್ ಮೇಲಿಂದ ಬರೀ ಅವಕಾಡೊ, ಒಳಗೆ ಹೆಚ್ಚಾಗಿ ಸೀಗಡಿ. ಕ್ಯಾಲಿಫೋರ್ನಿಯಾ ರೋಲಿನ ‘ಏಡಿ’ ಏಡಿಯಲ್ಲ ನಿಜ, ಆದರೆ ಅದು ಅರೆದ ಬಿಳಿ ಮೀನು, ಪಿಷ್ಟ, ಮೊಟ್ಟೆಯ ಬಿಳಿ. ಖಾನಾವಳಿಯಲ್ಲಿ ‘ಲಿಂಗಾಯತ’ ಎಂಬ ಒಂದೇ ಫಲಕ ಈ ಎಲ್ಲ ಪ್ರಶ್ನೆಗೂ ಬಾಗಿಲಲ್ಲೇ ಉತ್ತರ ಹೇಳಿಬಿಡುತ್ತದೆ. ಇಲ್ಲಿ ತಟ್ಟೆ ತಟ್ಟೆಗೂ ವಿಚಾರಿಸಬೇಕು. ಪೂರ್ತಿ ದುಡ್ಡು ಕೊಟ್ಟು ನಾಲ್ಕು ಬಗೆ ತಿನ್ನುವುದಾದರೆ ಅವ್ವನನ್ನು ಬೇರೆ ಕಡೆ ಕರೆದೊಯ್ಯುವುದೇ ವಾಸಿ. ಒಬ್ಬರು ‘ಎಷ್ಟಾದರೂ’ ಊಟ, ಇನ್ನೊಬ್ಬರು ಬಿಡಿ ತಟ್ಟೆ ಎಂದರೆ ಒಂದೇ ಮೇಜಿನಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮಿತಿ ಎರಡೂ ಕಡೆ ಇದೆ. ಖಾನಾವಳಿಯಲ್ಲಿ ರೊಟ್ಟಿ, ಅನ್ನ, ಸಾರಿಗೆ ಮಿತಿ ಇಲ್ಲ, ಮೊಸರು ಬಟ್ಟಲು ಒಂದೇ. ಇಲ್ಲಿ ಸಶಿಮಿ ತಲೆಗೆ ಇಷ್ಟೇ ತುಂಡು, ಅದೂ ಕೆಲವು ಕಡೆ ರಾತ್ರಿ ಊಟಕ್ಕೆ ಮಾತ್ರ. ಸಮಯ ಒಂದೂವರೆಯಿಂದ ಎರಡು ತಾಸು. ಖಾನಾವಳಿಗೆ ಗಡಿಯಾರ ಬೇಕಿಲ್ಲ, ಮಧ್ಯಾಹ್ನ ಒಂದೂವರೆಗೆ ಬೆನ್ನ ಹಿಂದೆ ಬಂದು ನಿಲ್ಲುವವರೇ ಗಡಿಯಾರ. ದರದ ಫಲಕ ನೋಡಿ ಮನಸ್ಸಿನಲ್ಲೇ ಲೆಕ್ಕ ಮುಗಿಸಬೇಡಿ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಅದರ ಮೇಲೆ 13 ಶೇಕಡಾ ತೆರಿಗೆ, ಆಮೇಲೆ ಟಿಪ್ಸು. ಸರಿಯುವ ಬೆಲ್ಟಿನ ಮೇಲೆ ತಟ್ಟೆ ತಿರುಗುವ ಸುಶಿ ಅಂಗಡಿ ಬೇರೆ ಜಾತಿ. ಶಿರಾಇಶಿ ಯೋಶಿಆಕಿ 1958ರಲ್ಲಿ ಒಸಾಕಾ ಕಡೆ ಶುರು ಮಾಡಿದ ಆ ಪದ್ಧತಿಯಲ್ಲಿ ತಿಂದ ತಟ್ಟೆಗಷ್ಟೇ ದುಡ್ಡು.

ನನಗೆ ಕೊರತೆ ಎನಿಸುವುದು ಬಡಿಸುವ ಕೈ. ‘ಹಾಕ್ಲೇನ್ರಿ?’ ಎಂದು ಅಕ್ಕಾರು ರೊಟ್ಟಿ ಹಿಡಿದು ನಿಂತಾಗ ನಮ್ಮ ಮುಖ ನೋಡಿಯೇ ಎಷ್ಟು ಬೇಕೆಂದು ಅವರಿಗೆ ತಿಳಿದಿರುತ್ತದೆ. ‘ಸಾಕ್ರಿ’ ಅಂದರೂ ‘ಅರ್ಧಾನರೆ ತಗೋರಿ’ ಎಂದು ಮುರಿದು ಹಾಕುತ್ತಾರೆ, ಉಳಿದರ್ಧ ಪಕ್ಕದವರ ತಾಟಿಗೆ. ದಂಡವಿಲ್ಲದೆಯೂ ಅಲ್ಲಿ ರೊಟ್ಟಿ ಉಳಿಯದಿರುವುದು ಆ ಮುರಿಯುವ ಕೈಯಿಂದ. ಟ್ಯಾಬ್ಲೆಟ್ಟಿಗೆ ಮುಖ ನೋಡಲು ಬರುವುದಿಲ್ಲ, ಒತ್ತಿದರೆ ಎಂಟು ತುಂಡು ಬಂತು. ಕೆಲವು ಹೋಟೆಲುಗಳ ಪಟ್ಟಿಯಲ್ಲಿ ನಾಲ್ಕು ತುಂಡಿನ ಅರ್ಧ ರೋಲ್ ಇರುತ್ತದೆ. ಕಡೆಯ ಆರ್ಡರಿಗೆ ಕರೆ ಬಂದಾಗ ಮೇಜಿನ ಮೇಲೆ ಉಳಿದ ತುಂಡು ಎಣಿಸಿ, ಆ ಅರ್ಧ ಎಲ್ಲಿದೆ ಎಂದು ಹುಡುಕಿ ಒತ್ತಿ.