ಬಾಗದ ಫ್ಲೋಟರ್ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತದೆ

ಸಮುದ್ರದಲ್ಲಿ ತೇಲುವ ಗಾಳಿಯಂತ್ರದ ವಿಡಿಯೊ ಯಾರು ಹಾಕಿದರೂ ಕೆಳಗೆ ಅದೇ ಪ್ರಶ್ನೆ: "ಇದು ಮಗುಚಿ ಬೀಳಲ್ವಾ?" ಬೀಳಲ್ಲ ಸ್ವಾಮಿ. 2009ರಲ್ಲೇ ನಾರ್ವೆಯವರು ಹೈವಿಂಡ್ ಅನ್ನೋ 2.3 ಮೆಗಾವ್ಯಾಟ್ ಯಂತ್ರವನ್ನು ತೇಲಿಸಿ ನಿಲ್ಲಿಸಿದರು. 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಆಚೆ ಐದು ದೊಡ್ಡ ಯಂತ್ರಗಳು ಶುರುವಾದವು. ಮಗುಚದಂತೆ ನಿಲ್ಲಿಸುವ ಲೆಕ್ಕ ಹಡಗು ಕಟ್ಟುವವರಿಗೆ ಬಾಯಿಪಾಠ. ಲೋಡ್, ಅಂದರೆ ಯಂತ್ರದ ಮೇಲೆ ಬೀಳುವ ಬಲಗಳ ಲೆಕ್ಕ ಮಾಡುವ ನನ್ನಂಥವರಿಗೆ ತಲೆನೋವು ಬೇರೆಯೇ ಇದೆ. ಅದು ಕಂಬದ ನಡುಕ.

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿರುತ್ತೀರಿ. ಅಲ್ಲಿ ಕಂಬದ ಬುಡವನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಟೇಬಲ್ ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ತುದಿ ಮೀಟಿದರೆ ಟರ್ರ್ ಅನ್ನುತ್ತದಲ್ಲ, ಹಾಗೆ ಪ್ರತಿ ಕಂಬಕ್ಕೂ ತನ್ನದೇ ಒಂದು ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಇಷ್ಟು ಸಲ ನಡುಗುವ ಲೆಕ್ಕ ಇರುತ್ತದೆ. ಯಂತ್ರ ತಿರುಗುವಾಗ ಕಂಬಕ್ಕೆ ಎರಡು ತಾಳದಲ್ಲಿ ಪೆಟ್ಟು ಬೀಳುತ್ತದೆ. ಒಂದು ಸುತ್ತಿಗೆ ಒಂದು ಸಲ, ಇದು 1ಪಿ. ಮೂರು ರೆಕ್ಕೆ ಒಂದೊಂದಾಗಿ ಕಂಬದ ಮುಂದೆ ಹಾದುಹೋಗುವಾಗ ಸುತ್ತಿಗೆ ಮೂರು ಸಲ, ಅದು 3ಪಿ. ಪೆಟ್ಟಿನ ತಾಳ ಕಂಬದ ಫ್ರೀಕ್ವೆನ್ಸಿಗೆ ಕೂಡಿಬಂದರೆ ನಡುಕ ಜೋರಾಗುತ್ತದೆ. ಅದಕ್ಕೇ ನೆಲದ ಮೇಲೆ ಸಾಮಾನ್ಯವಾಗಿ ಕಂಬದ ಫ್ರೀಕ್ವೆನ್ಸಿಯನ್ನು ಇವೆರಡರ ನಡುವೆ ಕೂರಿಸುತ್ತಾರೆ. ಉಕ್ಕೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ.

ಅದೇ ಕಂಬವನ್ನು ಫ್ಲೋಟರ್, ಅಂದರೆ ಯಂತ್ರವನ್ನು ಹೊತ್ತು ತೇಲುವ ಬುಡದ ಮೇಲೆ ಇಟ್ಟರೆ ಏನಾಗುತ್ತದೆ? ಬುಡ ಸಡಿಲವಾಯಿತು, ಫ್ರೀಕ್ವೆನ್ಸಿ ಕಮ್ಮಿಯಾಗಬೇಕು ಅಂತ ಅನಿಸುತ್ತದೆ. ಆಗೋದು ಉಲ್ಟಾ. ತುದಿಯೊಂದೇ ಓಲಾಡುವ ಆ ನಿಧಾನದ ಕುಣಿತದ ಜಾಗವನ್ನು ಈಗ ಇಡೀ ಯಂತ್ರದ ತೂಗಾಟ ಹಿಡಿದುಕೊಂಡಿದೆ. ಒಂದು ತೂಗಿಗೆ ಅರ್ಧ ನಿಮಿಷದ ಹತ್ತಿರ ಬೇಕು. ಕಂಬ ಬಾಗಬೇಕೆಂದರೆ ತಲೆ ಒಂದು ಕಡೆ ಹೋದಾಗ ಬುಡ ಅದಕ್ಕೆ ಎದುರಾಗಿ ತಿರುಗಬೇಕು. ಅದು ಗಡಸು ಕುಣಿತ, ಹಾಗಾಗಿ ಫ್ರೀಕ್ವೆನ್ಸಿ ಮೇಲೇರುತ್ತದೆ. ಏರಿ ಹಲವು ಸಲ ಸೀದಾ 3ಪಿ ಬಾಯಿಗೇ ಹೋಗಿ ಕೂರುತ್ತದೆ.

ಅಂಕಿಯಲ್ಲಿ ನೋಡೋಣ. ಸಂಶೋಧಕರೆಲ್ಲ ಬಳಸುವ 15 ಮೆಗಾವ್ಯಾಟ್ ಮಾದರಿ ಯಂತ್ರದ ರೋಟರ್ 240 ಮೀಟರ್ ಅಗಲ, ರೆಕ್ಕೆಗಳು ಕೂಡುವ ಹಬ್ 150 ಮೀಟರ್ ಎತ್ತರ. ಅದು ನಿಮಿಷಕ್ಕೆ 5ರಿಂದ 7.56 ಸುತ್ತು ತಿರುಗುತ್ತದೆ. ಅಂದರೆ 3ಪಿ ಪಟ್ಟಿ 0.25ರಿಂದ 0.378 ಹರ್ಟ್ಜ್. ಅಮೆರಿಕದ ಮೇನ್ ವಿಶ್ವವಿದ್ಯಾಲಯದ ವೋಲ್ಟರ್ನ್‌ಯುಎಸ್-ಎಸ್ ಫ್ಲೋಟರಿಗೆ ಹಾಕಿದ ಕಂಬ ಈ ಪಟ್ಟಿಯನ್ನು ದಾಟಿ 0.496ರಲ್ಲಿ ನಿಂತಿದೆ. ದಾಟಿದ್ದು ಪುಕ್ಕಟೆ ಅಲ್ಲ. ಸಮುದ್ರ ತಳಕ್ಕೆ ನೆಟ್ಟ ಮಾದರಿಯಲ್ಲಿ ಕಂಬದ ತೂಕ 860 ಟನ್ ಇದ್ದರೆ ಇಲ್ಲಿ 1,263 ಟನ್. ನಾನೂರು ಟನ್ ಉಕ್ಕು ಹೋಗಿದ್ದು ಹೆಚ್ಚಾಗಿ ಒಂದು ತಾಳದಿಂದ ತಪ್ಪಿಸಿಕೊಳ್ಳೋಕೆ!

ನನ್ನ ತಕರಾರು ಇಲ್ಲಿಂದ ಶುರು. ಆ 0.496 ಬಂದಿದ್ದು ಫ್ಲೋಟರ್ ಒಂಚೂರೂ ಬಾಗದ ಕಲ್ಲುಬಂಡೆ ಅಂದುಕೊಂಡು. ಮಾದರಿಗೆ ಅದು ಸರಿ, ಹಾಗೆ ಹೇಳಿಯೇ ಮಾಡಿದ್ದಾರೆ. ಆದರೆ ನಿಜವಾದ ಫ್ಲೋಟರ್ ಅಂದರೆ ಪೊಂಟೂನ್ ಅನ್ನೋ ಉದ್ದುದ್ದ ಅಡ್ಡ ತೊಲೆಗಳು, ಅವುಗಳ ತುದಿಗೆ ನೆಟ್ಟಗೆ ನಿಂತ ಟೊಳ್ಳು ಕಾಲಮ್, ನಡುವೆ ಬೆಸುಗೆ. ಅದು ಬಾಗುತ್ತದೆ. ಅದು ಬಾಗಿದಷ್ಟೂ ಕಂಬದ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ, ಅಂದರೆ ಕಷ್ಟಪಟ್ಟು ದಾಟಿ ಬಂದ 3ಪಿ ಕಡೆಗೇ ವಾಪಸ್. ಫ್ರೀಕ್ವೆನ್ಸಿ ಕಂಬದ್ದಲ್ಲ ಮಾರಾಯ್ರೆ, ಇಡೀ ಯಂತ್ರದ್ದು.

ಕಂಬದ ಬುಡದ ಬಾಗುಬಲದ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಏರಿಳಿತ ಅನ್ನೋ ನಕ್ಷೆ ತೆಗೆದು ನೋಡಿ. ಎಡಗಡೆ 0.03 ಹರ್ಟ್ಜ್ ಆಸುಪಾಸು ತೂಗಾಟದ ಗುಡ್ಡ. ಆಮೇಲೆ 0.1ರ ಸುತ್ತ ಅಲೆಗಳ ಅಗಲವಾದ ದಿಬ್ಬ. ಬಲಗಡೆ ಸೂಜಿಯ ಹಾಗೆ ಒಂದು ಮೊನೆ, ಅದು ಕಂಬ. ಫ್ಲೋಟರಿಗೆ ಬಾಗುವ ಗುಣ ಕೊಟ್ಟ ತಕ್ಷಣ ಆ ಮೊನೆ ಎಡಕ್ಕೆ ಸರಿಯುತ್ತದೆ. ಸರಿದು 3ಪಿ ಜೊತೆ ಸೇರಿತೋ, ಎತ್ತರವೂ ಏರುತ್ತದೆ. ಉಕ್ಕಿನ ಬೆಸುಗೆಯ ಆಯಸ್ಸು ಒತ್ತಡದ ಏರಿಳಿತದ ಮೂರನೇ ಘಾತಕ್ಕೋ ಐದನೇ ಘಾತಕ್ಕೋ ತಕ್ಕ ಹಾಗೆ ಸವೆಯುತ್ತದೆ. ಏರಿಳಿತ ಬರೀ 10% ಜಾಸ್ತಿಯಾದರೂ ಸವೆತ 33ರಿಂದ 61% ಜಾಸ್ತಿ. ಗಾಳಿಯ ದಿಕ್ಕಿನ ನಡುಕವನ್ನಾದರೂ ತಿರುಗುವ ರೆಕ್ಕೆಗಳು ತಣಿಸುತ್ತವೆ. ಅಲೆ ಪಕ್ಕದಿಂದ ಬಂದು ಕಂಬ ಅಡ್ಡಡ್ಡ ನಡುಗಿದರೆ ಆ ಆಸರೆಯೂ ಹೆಚ್ಚುಕಮ್ಮಿ ಇಲ್ಲ.

ಯಾಕೆ ಎಲ್ಲರೂ ಬಂಡೆ ಅಂದುಕೊಳ್ಳುತ್ತಾರೆ? ಸುಲಭ, ಅದಕ್ಕೆ. ಫ್ಲೋಟರಿನ ಮೇಲೆ ನೀರು ಒತ್ತುವ ಲೆಕ್ಕ ಮೊದಲಿನಿಂದಲೂ ಒಂದೇ ಗಟ್ಟಿ ವಸ್ತುವಿಗೆ ಅಂತ ನಡೆದು ಬಂದಿದೆ. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ ಬೆಳೆಸಿದ, ಗಾಳಿಯಂತ್ರದ ಲೆಕ್ಕ ಮಾಡುವ ಓಪನ್‌ಫಾಸ್ಟ್ ತಂತ್ರಾಂಶವೂ ಮುಂಚೆ ಹಾಗೇ ಇತ್ತು. ಆಮೇಲೆ ಬುಡದ ರಚನೆ ಬಾಗುವುದನ್ನು ಲೆಕ್ಕ ಹಾಕುವ ಅದರ ಸಬ್‌ಡೈನ್ ಭಾಗವನ್ನು ತೇಲುವ ಯಂತ್ರಗಳಿಗೂ ಹಿಗ್ಗಿಸಿದರು. ಈಗ ಫ್ಲೋಟರನ್ನು ತುಂಡು ತುಂಡಾಗಿ ನೋಡಿ ನೀರಿನ ಬಲವನ್ನು ಹಂಚಬಹುದು. ದಾರಿ ಇದೆ, ನಡೆಯೋಕೆ ಸೋಮಾರಿತನ.

ಇನ್ನೊಂದು ಕಾರಣ ವ್ಯಾಪಾರದ್ದು. ಯಂತ್ರ ಒಬ್ಬರದು, ಫ್ಲೋಟರ್ ಇನ್ನೊಬ್ಬರದು. ರೆಕ್ಕೆಯ ವಿವರ, ರೆಕ್ಕೆಯ ಕೋನ ತಿದ್ದುವ ಕಂಟ್ರೋಲರ್ ಒಳಗಿನ ಲೆಕ್ಕ ಯಾರೂ ಬಿಟ್ಟುಕೊಡಲ್ಲ. ಆದರೆ ಆ ಕಂಟ್ರೋಲರ್ ಇಲ್ಲದೆ ಲೆಕ್ಕ ಹೇಗೆ ಕೂಡಿಬರಬೇಕು? ಜೋರು ಗಾಳಿಯಲ್ಲಿ ಯಂತ್ರ ಗಾಳಿಗೆ ಎದುರಾಗಿ ಮುಂದಕ್ಕೆ ವಾಲುವಾಗ ರೆಕ್ಕೆಗೆ ಗಾಳಿ ಜಾಸ್ತಿ ಸಿಗುತ್ತದೆ. ಕಂಟ್ರೋಲರ್ ಗಾಬರಿಯಿಂದ ರೆಕ್ಕೆ ತಿರುಗಿಸಿ ಗಾಳಿ ಬಿಟ್ಟುಬಿಡುತ್ತದೆ. ಹಿಂದಕ್ಕೆ ತಳ್ಳಬೇಕಾದ ಬಲವೇ ಕಮ್ಮಿಯಾಗಿ ಯಂತ್ರ ಇನ್ನಷ್ಟು ವಾಲುತ್ತದೆ. ವಾಪಸ್ ಬರುವಾಗ ಇದೇ ಆಟ ಉಲ್ಟಾ. ತೂಗು ಬೆಳೆಯುತ್ತಲೇ ಹೋಗುತ್ತದೆ. ಹೈವಿಂಡ್‌ನವರು ಇದಕ್ಕಾಗಿಯೇ ಕಂಟ್ರೋಲರನ್ನು ಬೇರೆ ಥರ ಬರೆದುಕೊಳ್ಳಬೇಕಾಯಿತು. ಇಷ್ಟು ಮುಖ್ಯವಾದ ವಸ್ತುವನ್ನು ಗುಟ್ಟು ಅಂತ ಬೀಗ ಹಾಕಿಟ್ಟು, ಲೋಡ್ ಪಟ್ಟಿ ಮಾತ್ರ ಇಮೇಲ್‌ನಲ್ಲಿ ಕಳಿಸಿ "ನೀವೇ ನೋಡಿಕೊಳ್ಳಿ" ಅಂದರೆ ಸಿಟ್ಟು ಬರಲ್ವಾ?

ಗಾಳಿ, ಅಲೆಯ ಬೇರೆ ಬೇರೆ ಸ್ಥಿತಿಗೆ ಒಂದೊಂದರಂತೆ ಸಾವಿರಾರು ಲೋಡ್ ಕೇಸ್ ಓಡಿಸಬೇಕು, ಬಾಗುವ ಮಾದರಿಗೆ ಟೈಮ್ ಎಲ್ಲಿದೆ ಅಂತ ಕೇಳುತ್ತಾರೆ. ಒಪ್ಪುತ್ತೇನೆ. ಮೊದಲ ಸುತ್ತಿನ ಅಳತೆಗೆ ಬಂಡೆ ಮಾದರಿಯೇ ಇರಲಿ. ಆದರೆ ಕಂಬದ ತಗಡಿನ ದಪ್ಪ ಇಷ್ಟೇ ಅಂತ ಸಹಿ ಹಾಕುವ ಮುಂಚೆ ಬಾಗುವ ಫ್ಲೋಟರಿನ ಜೊತೆ ಫ್ರೀಕ್ವೆನ್ಸಿಯನ್ನಾದರೂ ಒಮ್ಮೆ ತೆಗೆಯಿರಿ. ಅದಕ್ಕೆ ಸಾವಿರ ಕೇಸ್ ಬೇಡ, ಗಾಳಿ ಅಲೆ ಯಾವುದೂ ಬೇಡ. ಮಾದರಿ ಒಮ್ಮೆ ಕಟ್ಟಿದ್ದರೆ ಉತ್ತರ ಕಾಫಿ ಕುಡಿದು ಬರುವಷ್ಟರಲ್ಲಿ ಸಿಗುತ್ತದೆ. ಅದು 3ಪಿ ಪಟ್ಟಿಗೆ ಹತ್ತಿರ ಬಂದಿದ್ದರೆ ಆಗ ಉಳಿದ ಕೇಸ್‌ಗಳ ಮಾತಾಡೋಣ, ಎಷ್ಟು ರಾತ್ರಿ ಓಡಿಸಬೇಕೋ ಓಡಿಸೋಣ.