ಸಿಂಧೂ ನದಿಯ ಹುಳ: ಒಂದು ಸ್ಪಷ್ಟನೆ

ಸಿಂಧೂ ನದಿಯಲ್ಲಿ ನೂರು ಅಡಿ ಉದ್ದದ ರಾಕ್ಷಸ ಹುಳ ಇತ್ತು, ಅದು ನಮ್ಮ ಪುರಾಣದ್ದೇ ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. ಈ ಕಥೆ ಬಂದಿದ್ದು ಗ್ರೀಕ್ ವೈದ್ಯ ಕ್ಟೀಸಿಯಸ್‌ನಿಂದ. ಕ್ರಿ.ಪೂ. 400ರ ಸುಮಾರಿಗೆ ಪರ್ಷಿಯಾದ ಅರಮನೆಯಲ್ಲಿದ್ದವನು. ಅಲ್ಲಿ ಕೇಳಿದ್ದನ್ನು ಬರೆದ. ಅವನ ಮೂಲ ಗ್ರಂಥ ಈಗಿಲ್ಲ. ನಂತರದವರು ಮಾಡಿದ ಸಾರಾಂಶ, ಉಲ್ಲೇಖಗಳಷ್ಟೇ ಉಳಿದಿವೆ.

ಉದ್ದವೂ ನೂರು ಅಡಿಯಲ್ಲ, 7 ಮೊಳ. ಅಂದ್ರೆ ಹತ್ತಡಿ ಚಿಲ್ಲರೆ ಅಷ್ಟೇ. ಮೇಲೊಂದು, ಕೆಳಗೊಂದು ಹಲ್ಲು. ಹಗಲೆಲ್ಲ ಕೆಸರಲ್ಲಿ, ರಾತ್ರಿ ದಡಕ್ಕೆ. ಎತ್ತು, ಒಂಟೆ ಸಿಕ್ಕರೆ ಎಳೆದು ತಿನ್ನುತ್ತಿತ್ತಂತೆ. ಕುರಿಮರಿ ಸಿಕ್ಕಿಸಿದ ಕೊಕ್ಕೆಯಿಂದ ಹಿಡಿದು, 30 ದಿನ ನೇತುಹಾಕಿ, ತೊಟ್ಟಿಕ್ಕುವ ಎಣ್ಣೆಯನ್ನು ರಾಜನಿಗೆ ಕೊಡುತ್ತಿದ್ದರಂತೆ. ಎಷ್ಟು ಚೆಂದದ ವಿವರ, ಅಲ್ವಾ! ಗೇಮ್‌ಗಳಲ್ಲಿ ಕಾಣುವ ದೈತ್ಯ ಗಾತ್ರವನ್ನು ದಯವಿಟ್ಟು ಇದಕ್ಕೆ ಸೇರಿಸಬೇಡಿ.