ಪಟ್ಟಿಯಲ್ಲಿ ಹೆಸರಿಲ್ಲ

ರಾತ್ರಿ ಎರಡಕ್ಕೆ ಓಡಬೇಕಿದ್ದ ರಿಪೋರ್ಟ್ ಜಾಬ್ ಓಡಿರಲಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಲಾಗ್ ನೋಡಿದರೆ ಆ ಮನೆಯಲ್ಲಿ ಅಂಥ ಮಗುವೇ ಹುಟ್ಟಿಲ್ಲ ಅನ್ನೋ ಹಾಗೆ ಸುಮ್ಮನಿದೆ. ನಾನು ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾಗ ತಂಡದ ಹುಡುಗ ಫೋನ್ ಮಾಡಿದ.

"ಅಕ್ಕಾ, ಕ್ಲಾಸ್ ಜಾರ್ ಒಳಗಡೆ ಇದೆ. ಬಿಚ್ಚಿ ನೋಡಿದೆ. ಸ್ಪ್ರಿಂಗ್‌ಗೆ ಮಾತ್ರ ಕಾಣ್ತಿಲ್ಲ."

"ಬಿಲ್ಡು?"

"ಗ್ರೀನ್ ಅಕ್ಕಾ. ಟೆಸ್ಟೂ ಎಲ್ಲಾ ಪಾಸು."

ಜಾವಾದಲ್ಲಿ ಕೆಲಸ ಮಾಡದವರಿಗೆ ಸ್ವಲ್ಪ ಹಿನ್ನೆಲೆ. ಕ್ಲಾಸ್ ಅಂದರೆ ಜಾವಾ ಕೋಡಿನ ಒಂದು ತುಣುಕು, ಜಾರ್ ಅಂದರೆ ಅಂಥ ತುಣುಕುಗಳ ಗಂಟು, ಬಿಲ್ಡ್ ಅಂದರೆ ಕೋಡಿನಿಂದ ಆ ಗಂಟು ಕಟ್ಟುವ ಕೆಲಸ. ಸ್ಪ್ರಿಂಗ್ ಅನ್ನುವುದು ಈ ತುಣುಕುಗಳನ್ನು ಜೋಡಿಸಿ ಆ್ಯಪ್ ಓಡಿಸುವ ಫ್ರೇಮ್‌ವರ್ಕ್. ಕ್ಲಾಸಿನ ತಲೆ ಮೇಲೆ ಆ್ಯಟ್ ಗುರುತು ಹಾಕಿ 'ಕಾಂಪೊನೆಂಟ್' ಅಂತ ಬರೆದರೆ ಸ್ಪ್ರಿಂಗ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಹುಡುಕುವುದು ಆ್ಯಪ್ ಶುರುವಾದಾಗ, ಪ್ರತಿ ಸಲವೂ. ಪ್ಯಾಕೇಜಿನಲ್ಲಿರುವ ಒಂದೊಂದೇ ಕ್ಲಾಸ್ ಫೈಲ್ ಓದಿ 'ನಿನ್ನ ಮೇಲೆ ಗುರುತು ಇದೆಯಾ?' ಅಂತ ಕೇಳುತ್ತದೆ. ಪ್ರತಿ ಚುನಾವಣೆಯ ದಿನ ಬೆಳಗ್ಗೆ ಮನೆಮನೆಗೆ ಹೋಗಿ 'ಇಲ್ಲಿ ಮತದಾರರು ಇದ್ದೀರಾ?' ಅಂತ ಕೇಳಿದ ಹಾಗೆ.

ಗುರುತು ಕೋಡ್‌ನಲ್ಲೇ ಇರುವಾಗ ಪಟ್ಟಿಯನ್ನು ಮೊದಲೇ ಯಾಕೆ ಮಾಡಿಡಬಾರದು? 2006ರಲ್ಲಿ ಬಂದ ಜಾವಾ 6ರಿಂದ ಕಂಪೈಲರ್ ಜೊತೆಗೇ ಆ್ಯನೊಟೇಶನ್ ಪ್ರೊಸೆಸರ್, ಅಂದರೆ ಈ ಗುರುತುಗಳನ್ನು ಓದಿ ಕೆಲಸ ಮಾಡುವ ಚಿಕ್ಕ ಪ್ರೋಗ್ರಾಮ್, ಓಡಿಸಬಹುದು. 2017ರ ಸ್ಪ್ರಿಂಗ್ 5 ಇದನ್ನೇ ಬಳಸಿ ಪಟ್ಟಿ (ಇಂಡೆಕ್ಸ್) ಮಾಡುವ ಒಂದು ಇಂಡೆಕ್ಸರ್ ಕೊಟ್ಟಿತು. ಅದು ಮಾಡುವುದು ಒಂದು ಸಾದಾ ಟೆಕ್ಸ್ಟ್ ಫೈಲ್. ಒಂದು ಸಾಲಿಗೆ ಒಂದು ಕ್ಲಾಸು, ಮುಂದೆ ಅದರ ಗುರುತು. ಕ್ವಾರ್ಕಸ್, ಮೈಕ್ರೋನಾಟ್ ಅನ್ನುವ ಬೇರೆ ಜಾವಾ ಫ್ರೇಮ್‌ವರ್ಕ್‌ಗಳಂತೂ ಈ ಕೆಲಸವನ್ನು ಬಿಲ್ಡ್‌ನಲ್ಲೇ ಮುಗಿಸುವುದನ್ನೇ ತಮ್ಮ ಬುಡವಾಗಿ ಮಾಡಿಕೊಂಡಿವೆ. ನಾನೂ ಇದರ ಪರವೇ. ನಮ್ಮ ತಂಡದಲ್ಲಿ ಇಂಡೆಕ್ಸರ್ ಹಾಕಿಸಿದ್ದೂ ನಾನೇ.

ಪಟ್ಟಿ ಸಿಕ್ಕಿತು ಅಂದರೆ ಸ್ಪ್ರಿಂಗ್ ಮನೆಮನೆ ಸುತ್ತುವುದನ್ನು ಪೂರ್ತಿ ಬಿಟ್ಟುಬಿಡುತ್ತದೆ. ನಮ್ಮ ಆ್ಯಪ್‌ನಲ್ಲಿ ಮಾಡ್ಯೂಲ್‌ಗಳು, ಅಂದರೆ ಬೇರೆಬೇರೆಯಾಗಿ ಬಿಲ್ಡ್ ಆಗುವ ಭಾಗಗಳು, ಜಾಸ್ತಿ. ರಿಪೋರ್ಟ್ ಮಾಡ್ಯೂಲ್‌ನಲ್ಲಿ ಯಾರೋ ಲಾಂಬೋಕ್ ಅನ್ನುವ ಇನ್ನೊಂದು ಪ್ರೊಸೆಸರ್‌ಗೋಸ್ಕರ ಪ್ರೊಸೆಸರ್ ಪಾತ್ (ಪ್ರೊಸೆಸರ್ ಎಲ್ಲಿದೆ ಅಂತ ಹೇಳುವ ವಿಳಾಸ) ಬರೆದಿದ್ದರು. ಆ ಪಾತ್ ಕೊಟ್ಟರೆ ಕಂಪೈಲರ್ ಪ್ರೊಸೆಸರ್‌ಗಳನ್ನು ಅಲ್ಲಿ ಮಾತ್ರ ಹುಡುಕುತ್ತದೆ. ನಮ್ಮ ಇಂಡೆಕ್ಸರ್ ಇದ್ದದ್ದು ಮಾಮೂಲಿ ಡಿಪೆಂಡೆನ್ಸಿಯಾಗಿ, ಅಂದರೆ ಕೋಡಿಗೆ ಬೇಕಾದ ಬೇರೆ ಲೈಬ್ರರಿಗಳ ಜೊತೆ. ಹಾಗಾಗಿ ಆ ಮಾಡ್ಯೂಲ್‌ಗೆ ಪಟ್ಟಿಯೇ ಆಗಲಿಲ್ಲ. ಪಕ್ಕದ ಮಾಡ್ಯೂಲ್‌ಗಳಿಗೆ ಆಗಿತ್ತು. ಎಲ್ಲ ಒಟ್ಟಿಗೆ ಸೇರಿದಾಗ ಸ್ಪ್ರಿಂಗ್ ಸಿಕ್ಕ ಪಟ್ಟಿಯನ್ನೇ ಪೂರ್ತಿ ಅಂತ ನಂಬಿತು. ಜೀವಂತ ಮನುಷ್ಯ ಚೀಟಿ ಹಿಡಿದು ಬೂತ್ ಮುಂದೆ ನಿಂತಿದ್ದಾನೆ, ಪಟ್ಟಿಯಲ್ಲಿ ಹೆಸರಿಲ್ಲ, ಹೋಗಿ ಬನ್ನಿ ಅಂದ ಹಾಗೆ.

ಟೆಸ್ಟ್ ಯಾಕೆ ಪಾಸಾಯಿತು ಅನ್ನುವುದಕ್ಕೆ ನಮಗೆ ಮಧ್ಯಾಹ್ನದವರೆಗೂ ಉತ್ತರ ಸಿಗಲಿಲ್ಲ. ಊಟಕ್ಕೆ ಕೂತಾಗ ಹುಡುಗನಿಗೇ ಹೊಳೆಯಿತು. ಆ ಮಾಡ್ಯೂಲನ್ನು ಒಂಟಿಯಾಗಿ ಟೆಸ್ಟ್ ಮಾಡುವಾಗ ಎಲ್ಲೂ ಯಾವ ಪಟ್ಟಿಯೂ ಇರುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಸ್ಪ್ರಿಂಗ್ ಹಳೆಯ ದಾರಿಯಲ್ಲಿ ಹುಡುಕಿಕೊಳ್ಳುತ್ತದೆ, ಎಲ್ಲವೂ ಸಿಗುತ್ತದೆ! ಬೇರೆ ಕ್ಲಾಸ್ ಯಾವುದಾದರೂ ಆ ಜಾಬನ್ನು ಕೇಳಿದ್ದರೆ ಆ್ಯಪ್ ಶುರುವಾಗುವಾಗಲೇ ಬಿದ್ದು ಒದ್ದಾಡುತ್ತಿತ್ತು, ನಮಗೆ ಗೊತ್ತಾಗುತ್ತಿತ್ತು. ನಿಗದಿತ ಹೊತ್ತಿಗೆ ತಾನೇ ಏಳುವ ಜಾಬನ್ನು ಯಾರೂ ಕೇಳುವುದಿಲ್ಲವಲ್ಲ.

ಪಟ್ಟಿಯೇ ಇಲ್ಲದಿದ್ದರೆ ಕೆಲವು ಸೆಕೆಂಡ್ ನಿಧಾನ, ಅಷ್ಟೇ. ಅರ್ಧ ಪಟ್ಟಿ ಇದ್ದರೆ ಸುಳ್ಳು. 'ಇಂಡೆಕ್ಸ್ ಹಾಕಿದ್ವಿ, ಸ್ಟಾರ್ಟಪ್ ಫಾಸ್ಟ್ ಆಯ್ತು' ಅಂತ ಮೀಟಿಂಗ್‌ನಲ್ಲಿ ಸ್ಲೈಡ್ ತೋರಿಸುವವರನ್ನು (ನಾನೂ ತೋರಿಸಿದ್ದೆ) ಒಂದೇ ಪ್ರಶ್ನೆ ಕೇಳಿ: ಪಟ್ಟಿ ಪೂರ್ತಿ ಇದೆ ಅಂತ ಯಾರು ನೋಡಿದ್ದಾರೆ? ಚಿಕ್ಕ ಆ್ಯಪ್ ಆದರೆ ಇಂಡೆಕ್ಸೇ ಬೇಡ ಬಿಡಿ, ಸ್ಕ್ಯಾನ್ ಸಾಕಷ್ಟು ಬೇಗ ಮುಗಿಯುತ್ತದೆ. 2024ರ ಜಾವಾ 23ರಿಂದ ಬೀಳೋಕೆ ಇನ್ನೊಂದು ಹಳ್ಳ ಇದೆ. ಡಿಪೆಂಡೆನ್ಸಿಯಲ್ಲಿ ಸುಮ್ನೆ ಬಿದ್ದಿರುವ ಪ್ರೊಸೆಸರನ್ನು ನೀವು ಬಾಯಿಬಿಟ್ಟು ಹೇಳದೆ ಕಂಪೈಲರ್ ಓಡಿಸುವುದಿಲ್ಲ.

ಆವತ್ತು ತುರ್ತಿಗೆ ಸ್ಪ್ರಿಂಗ್‌ನದ್ದೇ ಒಂದು ಸೆಟ್ಟಿಂಗ್ ಹಾಕಿ ಇಂಡೆಕ್ಸನ್ನು ಕಡೆಗಣಿಸುವಂತೆ ಮಾಡಿದೆವು. ಆಮೇಲೆ ಇಂಡೆಕ್ಸರನ್ನು, ಎಲ್ಲ ಮಾಡ್ಯೂಲ್‌ಗಳಿಗೂ ಸೇರಿದ ಬಿಲ್ಡ್ ಫೈಲ್ ಆದ ಪೇರೆಂಟ್ ಪಾಮ್‌ನ ಪ್ರೊಸೆಸರ್ ಪಾತ್‌ಗೆ ಸೇರಿಸಿದೆವು. ಈಗ ಬಿಲ್ಡ್‌ನಲ್ಲಿ ಪೂರ್ತಿ ಆ್ಯಪನ್ನು ಎರಡು ಸಲ ಎಬ್ಬಿಸುತ್ತೇವೆ, ಒಮ್ಮೆ ಇಂಡೆಕ್ಸ್ ಜೊತೆ, ಒಮ್ಮೆ ಇಲ್ಲದೆ. ಎರಡರಲ್ಲೂ ಸಿಕ್ಕ ಹೆಸರುಗಳು ತಾಳೆಯಾಗದಿದ್ದರೆ ಬಿಲ್ಡ್ ಕೆಂಪು.

ಕಳೆದ ವಾರ ಒಂದು ಸಲ ಕೆಂಪಾಯಿತು. ಎಲ್ಲಿಂದಲೋ ಹಳೆಯ ಪಾಮ್ ಕಾಪಿ ಹೊಡೆದು ಹೊಸ ಮಾಡ್ಯೂಲ್ ಸೇರಿಸಿದ್ದು ನಾನೇ. ಹುಡುಗ ಏನೂ ಅನ್ನಲಿಲ್ಲ, ಸ್ಕ್ರೀನ್‌ಶಾಟ್ ಮಾತ್ರ ಗ್ರೂಪಿಗೆ ಹಾಕಿದ.